ಮೇ ತಿಂಗಳ ಎಲೆ ಹೋದರೆ: ಅಸ್ಸಾಂ ಚಹಾದ ಹವಾಮಾನ ಲೆಕ್ಕ

2024ರಲ್ಲಿ ಭಾರತದ ಚಹಾ ಉತ್ಪಾದನೆ ಸುಮಾರು 128.5 ಕೋಟಿ ಕಿಲೋಗೆ ಇಳಿಯಿತು. ಹಿಂದಿನ ವರ್ಷ ಅದು 139 ಕೋಟಿ ದಾಟಿತ್ತು. ಅಂದರೆ ಹತ್ತಿರ ಹತ್ತಿರ ಶೇ 8ರಷ್ಟು ಖೋತಾ. ಅದೇ ವರ್ಷ ಹರಾಜಿನ ಸರಾಸರಿ ಬೆಲೆ ಶೇ 18ರಷ್ಟು ಏರಿ ಕಿಲೋಗೆ 199 ರೂಪಾಯಿಯ ಆಸುಪಾಸಿಗೆ ಬಂತು. ಎಂಟು ಹೋಯಿತು, ಹದಿನೆಂಟು ಬಂತು. ಕಾಗದದ ಮೇಲೆ ಕೂಡಿ ಕಳೆದರೆ ಬೆಳೆಗಾರನಿಗೆ ಲಾಭವೇ ಆಗಿರಬೇಕಲ್ಲ? ಆದರೆ ಆ ವರ್ಷ ತೋಟದ ಮಾಲೀಕರ ಸಂಘಗಳೂ ಸಣ್ಣ ಬೆಳೆಗಾರರ ಸಂಘಗಳೂ ಆಡಿದ್ದು ನಷ್ಟದ ಮಾತನ್ನೇ. ತೋಟದವರು ಯಾವತ್ತೂ ನಷ್ಟವನ್ನೇ ಹೇಳಿಕೊಳ್ಳುತ್ತಾರೆ ಎಂದು ನಕ್ಕು ಸುಮ್ಮನಾಗಬಹುದು. ಕಾಫಿ ಸೀಮೆಯ ನಮಗೆ ಆ ಮಾತು ಹೊಸದೇನೂ ಅಲ್ಲ. ಆದರೆ ಚಹಾದ ಲೆಕ್ಕವನ್ನು ಬಿಡಿಸಿ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ.

ಹವಾಮಾನದ ಏರುಪೇರು ಚಹಾಕ್ಕೆ ಕೊಡುವ ಪೆಟ್ಟು ವರ್ಷದ ಒಟ್ಟು ಕಿಲೋದಲ್ಲಿ ಪೂರ್ತಿ ಕಾಣುವುದಿಲ್ಲ. ಯಾವ ತಿಂಗಳ ಎಲೆ ಹೋಯಿತು, ಬೆಲೆ ಏರಿದಾಗ ಮಾಲು ಯಾರ ಕೈಯಲ್ಲಿತ್ತು, ಎಲೆ ಇಲ್ಲದ ದಿನಗಳಲ್ಲೂ ನಿಲ್ಲದ ಖರ್ಚು ಯಾರ ಹೆಗಲ ಮೇಲೆ ಬಿತ್ತು ಎಂಬುದರಲ್ಲಿ ಅದು ಅಡಗಿದೆ. ದೇಶದ ಚಹಾದಲ್ಲಿ ಅರ್ಧಕ್ಕೂ ಹೆಚ್ಚನ್ನು ಬೆಳೆಯುವುದು ಅಸ್ಸಾಂ. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಹಿಡಿಯೋಣ.

ಗಿಡದ ಪಂಚಾಂಗ

ಬ್ರಹ್ಮಪುತ್ರಾ ಕಣಿವೆಯ ಚಹಾ ಗಿಡ ಚಳಿಗಾಲದಲ್ಲಿ ಮಲಗುತ್ತದೆ. ಚಳಿಯೊಂದೇ ಕಾರಣವಲ್ಲ. ಹಗಲು ಸುಮಾರು ಹನ್ನೊಂದೂಕಾಲು ಗಂಟೆಗಿಂತ ಕಿರಿದಾಗಿ ಕೆಲವು ವಾರ ಹಾಗೇ ಉಳಿದರೆ ಕುಡಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಸಮಭಾಜಕದ ಹತ್ತಿರವಿರುವ ಕೀನ್ಯಾದಲ್ಲಿ, ನಮ್ಮ ನೆರೆಯ ನೀಲಗಿರಿಯಲ್ಲಿ, ವರ್ಷಪೂರ್ತಿ ಎಲೆ ಕೀಳಬಹುದು. ಅಸ್ಸಾಮಿನಲ್ಲಿ ಮಾತ್ರ ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ ಕೊಯ್ಲಿಲ್ಲ. ಆಗ ಗಿಡ ಸವರುತ್ತಾರೆ, ಚರಂಡಿ ತೆಗೆಯುತ್ತಾರೆ, ಯಂತ್ರ ರಿಪೇರಿ ಮಾಡುತ್ತಾರೆ.

ಮಾರ್ಚ್‌ನಲ್ಲಿ ಮೊದಲ ಚಿಗುರು. ಅದು ಮುಗಿದು ಗಿಡ ತುಸು ಸುಧಾರಿಸಿಕೊಂಡ ಮೇಲೆ ಮೇ ನಡುವಿನಿಂದ ಜೂನ್‌ವರೆಗೆ ಎರಡನೇ ಚಿಗುರು. ವ್ಯಾಪಾರದವರ ಬಾಯಲ್ಲಿ ಇದು ಸೆಕೆಂಡ್ ಫ್ಲಶ್. ಅಸ್ಸಾಂ ಚಹಾಕ್ಕೆ ಹೆಸರು ತಂದ ಗಾಢ ಬಣ್ಣ, ಮಾಲ್ಟ್‌ನಂಥ ಪರಿಮಳ, ಗಂಟಲಿಗೆ ಹಿಡಿಯುವ ಕಸುವು, ಎಲ್ಲ ಈ ಕೆಲವೇ ವಾರಗಳ ಎಲೆಯದು. ವರ್ಷದ ಒಳ್ಳೆಯ ಬೆಲೆಯೂ ಇದಕ್ಕೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಎಲೆ. ರಾಶಿ ರಾಶಿ ಬರುತ್ತದೆ, ಅಗ್ಗಕ್ಕೆ ಹೋಗುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಶರತ್ಕಾಲದ ಎಲೆ, ಮತ್ತೆ ತುಸು ಗುಣ. ಅಲ್ಲಿಗೆ ವರ್ಷ ಮುಗಿಯಿತು.

ಮಲೆನಾಡಿನ ಕಾಫಿ ಬೆಳೆಗಾರ ಮಾರ್ಚ್‌ನಲ್ಲಿ ಹೂಮಳೆಗಾಗಿ ಆಕಾಶ ನೋಡುವಂತೆಯೇ ಅಸ್ಸಾಮಿನ ತೋಟಗಳೂ ಚಳಿಗಾಲದ ಕೊನೆಯ ಮಳೆಗಾಗಿ ಕಾಯುತ್ತವೆ. ಸವರಿದ ಗಿಡ ಮತ್ತೆ ಚಿಗುರಲು ಆ ನೀರು ಬೇಕು. ಅದು ತಪ್ಪಿದರೆ ಮೊದಲ ಚಿಗುರು ತಡವಾಗುತ್ತದೆ, ಅದರ ಬೆನ್ನಿಗೆ ಎರಡನೆಯದೂ ಹಿಂದೆ ಬೀಳುತ್ತದೆ. ಎರಡನೆಯ ಚಿಗುರು ಜೂನ್ ದಾಟಿತೆಂದರೆ ಮುಂಗಾರಿನ ಬಾಯಿಗೆ ಸಿಕ್ಕಿತೆಂದೇ ಅರ್ಥ. ಒಳ್ಳೆಯ ಬೆಲೆ ತರಬೇಕಾದ ಎಲೆ ಮಳೆಗಾಲದ ಅಗ್ಗದ ಎಲೆಯ ಸಾಲಿಗೆ ಸೇರುತ್ತದೆ. ತೂಕ ಅಷ್ಟೇ ಇರಬಹುದು, ದುಡ್ಡು ಅಷ್ಟೇ ಇರುವುದಿಲ್ಲ.

2024ರ ಮೇ ತಿಂಗಳಲ್ಲಿ ಆದದ್ದು ಇದಕ್ಕಿಂತ ಒರಟಾದದ್ದು. ಬಿರುಬಿಸಿಲು, ಮಳೆಯ ಕೊರತೆ. ಆ ಒಂದು ತಿಂಗಳಲ್ಲಿ ದೇಶದ ಉತ್ಪಾದನೆ ಹಿಂದಿನ ಮೇ ತಿಂಗಳಿಗಿಂತ ಶೇ 30ಕ್ಕೂ ಹೆಚ್ಚು ಬಿದ್ದು ಸುಮಾರು 9.1 ಕೋಟಿ ಕಿಲೋಗೆ ನಿಂತಿತು. ಹತ್ತು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲೇ ಅತಿ ಕಡಿಮೆ ಎಲೆ ಕಂಡ ಮೇ ಅದು. ಬಿಸಿಲು ಮುಗಿಯಿತು ಎನ್ನುವಷ್ಟರಲ್ಲಿ ಜೂನ್ ಕೊನೆ, ಜುಲೈ ಹೊತ್ತಿಗೆ ಅಸ್ಸಾಮಿನಲ್ಲಿ ಪ್ರವಾಹ. ವರ್ಷದ ಲೆಕ್ಕದಲ್ಲಿ ಕಂಡ ಶೇ 8 ಎಂಬ ಸಾಧು ಅಂಕಿಯೊಳಗೆ ಈ ಶೇ 30 ಅಡಗಿ ಕೂತಿದೆ.

ಬಿಸಿಲು ಎಲೆಗೆ ಏನು ಮಾಡುತ್ತದೆ

ಚಹಾ ಬಿಸಿಲಿಗೆ ಹೆದರುವ ಗಿಡವಲ್ಲ, ಆದರೆ ಅದಕ್ಕೊಂದು ಮಿತಿ ಇದೆ. ಹದಿನೆಂಟರಿಂದ ಮೂವತ್ತು ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಮೂವತ್ತೈದು ದಾಟಿದರೆ ಎಲೆ ತನ್ನ ಉಸಿರುರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುವುದಕ್ಕೆ ನೋಡುತ್ತದೆ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬಾರದು, ಅಡುಗೆ ನಿಲ್ಲುತ್ತದೆ. ಆಗ ಕುಡಿ ಬೆಳೆಯುವುದನ್ನು ಬಿಟ್ಟು, ತೋಟದವರು ಬಂಜಿ ಎನ್ನುವ ಮೊಗ್ಗಿಲ್ಲದ ಒರಟು ಎಲೆಯಾಗಿ ನಿಂತುಬಿಡುತ್ತದೆ. ಒಳ್ಳೆಯ ಚಹಾಕ್ಕೆ ಬೇಕಾದದ್ದು ಎರಡೆಲೆ ಒಂದು ಮೊಗ್ಗು. ಬಂಜಿಯಿಂದ ಬರುವುದು ಬರೀ ತೂಕ.

ಅಸ್ಸಾಮಿನ ಎಂಬತ್ತಕ್ಕೂ ಹೆಚ್ಚು ತೋಟಗಳ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತಿಂಗಳ ಸರಾಸರಿ ತಾಪಮಾನ 26.6 ಡಿಗ್ರಿ ದಾಟಿದ ಮೇಲೆ ಬಿಸಿ ಹೆಚ್ಚಿದಷ್ಟೂ ಇಳುವರಿ ತಗ್ಗುತ್ತದೆ ಎಂದು ಅದು ತೋರಿಸಿತು. ಸರಾಸರಿ 28 ಡಿಗ್ರಿ ಇರುವ ತಿಂಗಳಲ್ಲಿ ಇನ್ನೊಂದು ಡಿಗ್ರಿ ಏರಿದರೆ ಇಳುವರಿಗೆ ಶೇ 3.8ರಷ್ಟು ಪೆಟ್ಟು. ನನ್ನ ಗಮನ ಸೆಳೆದದ್ದು ಆ ಅಧ್ಯಯನದ ಇನ್ನೊಂದು ಮಾತು. ಬರದ ತೀವ್ರತೆಗಿಂತ ಮಳೆಯ ಏರುಪೇರು, ಅದರಲ್ಲೂ ಒಮ್ಮೆಗೇ ಸುರಿದು ಹೋಗುವ ಮಳೆ, ಇಳುವರಿಯನ್ನು ಕೆಡಿಸುತ್ತದೆಯಂತೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ನೀರಿನ ಸಮಸ್ಯೆ ಎಂದರೆ ನೀರಿಲ್ಲ ಎಂದಲ್ಲ, ಬೇಕಾದಾಗ ಇಲ್ಲ ಎಂದರ್ಥ.

ಜೋರ್ಹಾಟ್‌ನ ಟೋಕ್ಲಾಯ್ ಚಹಾ ಸಂಶೋಧನಾ ಸಂಸ್ಥೆ 1911ರಿಂದ ಇದೆ. ಜಗತ್ತಿನ ಹಳೆಯ ಚಹಾ ಸಂಶೋಧನಾ ಕೇಂದ್ರಗಳಲ್ಲಿ ಒಂದು. ಅಲ್ಲಿನ ಸುಮಾರು ನೂರು ವರ್ಷದ ಹವಾಮಾನ ದಾಖಲೆಯಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಒಂದು ಡಿಗ್ರಿಗೂ ಹೆಚ್ಚು ಏರಿದೆ, ವರ್ಷದ ಮಳೆ ಸುಮಾರು 200 ಮಿಲಿಮೀಟರ್ ತಗ್ಗಿದೆ. ರಾತ್ರಿ ಬೆಚ್ಚಗಿದ್ದರೆ ಗಿಡ ಹಗಲು ಕೂಡಿಸಿದ್ದನ್ನು ರಾತ್ರಿ ಉಸಿರಾಟದಲ್ಲಿ ಹೆಚ್ಚು ಕರಗಿಸಿಕೊಳ್ಳುತ್ತದೆ.

ಇದಕ್ಕೆ ಮನುಷ್ಯ ಕೈಯಾರೆ ಸೇರಿಸಿದ ಒಂದು ಅಂಶವೂ ಇದೆ. ಹಳೆಯ ತೋಟಗಳು ಬೀಜದಿಂದ ಬೆಳೆದವು, ತಾಯಿಬೇರು ಆಳಕ್ಕೆ ಇಳಿದಿರುತ್ತಿತ್ತು. ಟೋಕ್ಲಾಯ್ 1949ರಲ್ಲಿ ತನ್ನ ಮೊದಲ ಕ್ಲೋನ್ ತಳಿಗಳನ್ನು ಕೊಟ್ಟಿತು. ಒಂದೇ ಗುಣದ, ಹೆಚ್ಚು ಇಳುವರಿಯ ಗಿಡ, ತುಂಡು ನೆಟ್ಟರೆ ಸಾಕು. ಅವು ತೋಟಗಳನ್ನು ಶ್ರೀಮಂತಗೊಳಿಸಿದ್ದು ನಿಜ. ಆದರೆ ತುಂಡಿನಿಂದ ಬೆಳೆದ ಗಿಡಕ್ಕೆ ತಾಯಿಬೇರಿಲ್ಲ, ಬೇರೆಲ್ಲ ಮೇಲುಮಣ್ಣಿನಲ್ಲೇ. ಏಪ್ರಿಲ್‌ನ ಒಂದು ತಿಂಗಳ ಒಣಹವೆಯನ್ನು ಅಜ್ಜನ ಕಾಲದ ಗಿಡ ತಡೆದುಕೊಂಡರೆ, ಹೆಚ್ಚು ಎಲೆ ಕೊಡುವ ಈಚಿನ ಗಿಡ ಮೊದಲು ಬಾಡುತ್ತದೆ. ಮಳೆ ನಂಬಿಕೆಗೆ ಅರ್ಹವಾಗಿದ್ದ ಕಾಲದಲ್ಲಿ ಮಾಡಿದ ಆಯ್ಕೆಗೆ ಈಗ ಸ್ಪ್ರಿಂಕ್ಲರ್, ಡೀಸೆಲ್ ಎಂದು ಖರ್ಚು ಮಾಡಬೇಕಾಗಿದೆ.

ಬಟವಾಡೆ ನಿಲ್ಲುವುದಿಲ್ಲ

ಈಗ ತೋಟದ ಖರ್ಚಿಗೆ ಬನ್ನಿ. ಚಹಾದ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕೂ ಹೆಚ್ಚು ಕೂಲಿಯದು. ಎಲೆ ಕೀಳುವುದು ಇಂದಿಗೂ ಬಹುಪಾಲು ಕೈಕೆಲಸ, ಏಳೆಂಟು ದಿನಕ್ಕೊಮ್ಮೆ ಅದೇ ಗಿಡಕ್ಕೆ ಮರಳಬೇಕು. ಅಸ್ಸಾಮಿನ ಬ್ರಹ್ಮಪುತ್ರಾ ಕಣಿವೆಯಲ್ಲಿ ದಿನಗೂಲಿ 2023ರ ಅಕ್ಟೋಬರಿನಿಂದ 250 ರೂಪಾಯಿ ಆಯಿತು. ಇದು ಕೈಗೆ ಸಿಗುವ ದುಡ್ಡು. ಇದರ ಜೊತೆಗೆ ಲೈನ್ ಮನೆ, ಆಸ್ಪತ್ರೆ, ಕೂಸಿನ ಮನೆ, ರೇಷನ್. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಇವು ಮಾಲೀಕನ ತಲೆಯ ಮೇಲಿನ ಹೊಣೆ. ಕಾರ್ಮಿಕರು ತೋಟದೊಳಗೇ ವಾಸ. ಎಲೆ ಇಲ್ಲವೆಂದು ಅವರನ್ನು ಮನೆಗೆ ಕಳಿಸಲಾಗದು, ಅವರ ಮನೆಯೇ ಅದು. ಕಾರ್ಮಿಕರ ಕಡೆಯಿಂದ ನೋಡಿದರೆ 250 ರೂಪಾಯಿ ಏನೇನೂ ಅಲ್ಲ ಎಂಬುದು ಬೇರೆ ಮಾತು, ಆದರೆ ಅದೂ ನಿಜ.

ಒಂದು ಕಾಲ್ಪನಿಕ ತೋಟ ಇಟ್ಟುಕೊಂಡು ಲೆಕ್ಕ ಹಾಕೋಣ. ವರ್ಷಕ್ಕೆ ಹತ್ತು ಲಕ್ಷ ಕಿಲೋ ಚಹಾ ಪುಡಿ ಮಾಡುತ್ತದೆ. ಕಿಲೋಗೆ 200 ರೂಪಾಯಿ ಖರ್ಚು, ಒಟ್ಟು 20 ಕೋಟಿ. ಅದರಲ್ಲಿ 14 ಕೋಟಿ ಎಲೆ ಬಂದರೂ ಬಾರದಿದ್ದರೂ ಆಗುವ ಖರ್ಚು, ಉಳಿದ 6 ಕೋಟಿ ಮಾತ್ರ ಎಲೆಯ ಜೊತೆ ಏರಿ ಇಳಿಯುವಂಥದ್ದು. ಆದಾಯವೂ 20 ಕೋಟಿ, ಹೇಗೆಂದರೆ ಎರಡು ಲಕ್ಷ ಕಿಲೋ ಸೆಕೆಂಡ್ ಫ್ಲಶ್ ಪುಡಿ 280 ರೂಪಾಯಿಗೆ, ಉಳಿದ ಎಂಟು ಲಕ್ಷ 180ಕ್ಕೆ. ಲಾಭವಿಲ್ಲ, ನಷ್ಟವಿಲ್ಲ.

ಬೆಳೆ ಶೇ 10 ಕಡಿಮೆಯಾಯಿತು ಎನ್ನಿ, ಒಂದು ಲಕ್ಷ ಕಿಲೋ ಹೋಯಿತು. ಖರ್ಚು 2 ಕೋಟಿ ಇಳಿಯಬೇಕಿತ್ತು, ಇಳಿದದ್ದು ಬರೀ 60 ಲಕ್ಷ. ಒಟ್ಟು ಖರ್ಚು 19.4 ಕೋಟಿ, ಕಿಲೋಗೆ 215 ರೂಪಾಯಿ ಮೀರಿತು. ಹೋದ ಎಲೆ ಮಳೆಗಾಲದ್ದಾದರೆ ಆದಾಯ 18.2 ಕೋಟಿ, ನಷ್ಟ 1.2 ಕೋಟಿ. ಅದೇ ಒಂದು ಲಕ್ಷ ಕಿಲೋ ಮೇ, ಜೂನ್‌ನ ಎಲೆಯಾದರೆ ಆದಾಯ 17.2 ಕೋಟಿಗೆ ಬೀಳುತ್ತದೆ, ನಷ್ಟ 2.2 ಕೋಟಿ. ಸರ್ಕಾರದ ಅಂಕಿಅಂಶದಲ್ಲಿ ಎರಡೂ ಒಂದೇ: ‘ಉತ್ಪಾದನೆ ಶೇ 10 ಕುಸಿತ’. ತೋಟದ ರೈಟರನ ಪುಸ್ತಕದಲ್ಲಿ ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡು ಪಟ್ಟು.

ಇದರ ಮೇಲೆ ಕಣ್ಣಿಗೆ ಬೀಳದ ಸಣ್ಣ ಸಣ್ಣ ಖರ್ಚುಗಳು. ಒಣ ತಿಂಗಳಲ್ಲಿ ಪಂಪು ಓಡಬೇಕು. ಬಿಸಿಲೇರಿದರೆ ಕೆಂಪು ನುಸಿ, ಮೋಡ ಮುಸುಕಿದರೆ ಟೀ ಸೊಳ್ಳೆ. ದಕ್ಷಿಣ ಕನ್ನಡದ ಗೇರು ಬೆಳೆಗಾರರಿಗೆ ಈ ಟೀ ಸೊಳ್ಳೆಯ ಪರಿಚಯ ಬೇಡ, ಚಿಗುರಿಗೆ ಸೂಜಿ ಹಾಕಿ ರಸ ಹೀರುವ ಅದೇ ವಂಶದ ಕೀಟ. ಸಿಂಪಡಣೆ ಒಂದೆರಡು ಸುತ್ತು ಹೆಚ್ಚಾಯಿತೆಂದರೆ ಔಷಧಿಯ ಖರ್ಚು ಮಾತ್ರವಲ್ಲ, ಅದರ ಶೇಷ ಎಲೆಯಲ್ಲಿ ಉಳಿಯುವ ಅಪಾಯವೂ ಬಂತು. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಇನ್ನು ಜಡಿಮಳೆಯಲ್ಲಿ ಕಿತ್ತ ಎಲೆ ನೀರು ಹೊತ್ತು ಫ್ಯಾಕ್ಟರಿಗೆ ಬರುತ್ತದೆ. ಅದನ್ನು ಬಾಡಿಸಲು ಹೆಚ್ಚು ಹೊತ್ತು, ಹೆಚ್ಚು ಕಲ್ಲಿದ್ದಲು ಅಥವಾ ಗ್ಯಾಸ್ ಬೇಕು. ಅಗ್ಗದ ಎಲೆಗೇ ಹೆಚ್ಚು ಇಂಧನ ಸುಡುವ ವಿಚಿತ್ರ ಇದು.

ಬಿಸಿಲು ಗಿಡಕ್ಕೆ ಬಿದ್ದಂತೆ ಎಲೆ ಕೀಳುವವರ ನೆತ್ತಿಗೂ ಬೀಳುತ್ತದೆ. ಅವರಲ್ಲಿ ಬಹುಪಾಲು ಹೆಂಗಸರು. ಇಂತಿಷ್ಟು ಕಿಲೋ ಕಿತ್ತರೆ ಪೂರ್ತಿ ಕೂಲಿ, ಅದಕ್ಕಿಂತ ಹೆಚ್ಚು ಕಿತ್ತರೆ ಕಿಲೋ ಲೆಕ್ಕದಲ್ಲಿ ಮೇಲುದುಡ್ಡು ಎಂಬುದು ತೋಟಗಳ ಪದ್ಧತಿ. ಎಲೆಯೇ ಇಲ್ಲದ ಮೇ ತಿಂಗಳಲ್ಲಿ ಆ ಮೇಲುದುಡ್ಡು ಇಲ್ಲ. ತೋಟದ ನಷ್ಟ ಪತ್ರಿಕೆಗೆ ಬರುತ್ತದೆ, ಈ ನಷ್ಟ ಯಾವ ವರದಿಗೂ ಬರುವುದಿಲ್ಲ.

ಏರಿದ ಬೆಲೆ ಎಲ್ಲಿಗೆ ಹೋಯಿತು

ಎಲೆ ಕಡಿಮೆಯಾದಾಗ ಬೆಲೆ ಏರುವುದು ಸಂತೆಯ ನಿಯಮ. ಆದರೆ ಚಹಾದ ಸಂತೆಗೆ ಕೆಲವು ಬಾಗಿಲುಗಳಿವೆ.

ಕಿತ್ತ ಎಲೆ ಆ ದಿನವೇ ಫ್ಯಾಕ್ಟರಿ ಸೇರಬೇಕು. ನಾಲ್ಕೂವರೆ ಕಿಲೋ ಹಸಿ ಎಲೆಯಿಂದ ಸುಮಾರು ಒಂದು ಕಿಲೋ ಪುಡಿ. ಆ ಪುಡಿ ಗುವಾಹಟಿ, ಕೋಲ್ಕತ್ತ, ಸಿಲಿಗುರಿಯ ಹರಾಜಿಗೆ ಬಂದು ಮಾರಾಟವಾಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಮೇ ತಿಂಗಳಲ್ಲಿ ಎಲೆ ಒಣಗಿತೆಂಬ ಸುದ್ದಿಗೆ ಬೆಲೆ ಏರುತ್ತದೆ, ಆಗ ತೋಟದಲ್ಲಿ ಮಾರಲು ಮಾಲಿಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲಿ ಎಲೆ ಬರುತ್ತದೆ, ಆಗ ಗುಣವಿಲ್ಲ. ಸರಾಸರಿ ಬೆಲೆ ಶೇ 18 ಏರಿತು ಎನ್ನುವಾಗ ಆ ಸರಾಸರಿಯ ಎತ್ತರದ ದಿನಗಳಲ್ಲಿ ಎಷ್ಟು ಮಾಲು ಯಾರ ಗೋದಾಮಿನಲ್ಲಿತ್ತು ಎಂದು ಕೇಳಬೇಕು. ಜೊತೆಗೆ ಹಿಂದಿನ ಹಲವು ವರ್ಷ ಅನೇಕ ತೋಟಗಳಿಗೆ ಖರ್ಚು ಹುಟ್ಟದ ಬೆಲೆಯೇ ಸಿಕ್ಕಿತ್ತು. ಹಾಗಾಗಿ ಈ ಏರಿಕೆಯ ದೊಡ್ಡ ಭಾಗ ಹಳೆಯ ಹಳ್ಳ ತುಂಬುವುದಕ್ಕೇ ಹೋಯಿತು.

ಕೊಳ್ಳುವವರು ಸುಮ್ಮನೆ ಕೂರುವವರಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣದಲ್ಲಿರುವುದು ಹಲವು ತೋಟಗಳ, ಹಲವು ಪ್ರಾಂತ್ಯಗಳ ಮಿಶ್ರಣ. ಅಸ್ಸಾಮಿನ ಕಸುವಿನ ಎಲೆ ದುಬಾರಿಯಾದರೆ ಅದರ ಪಾಲು ಕಡಿಮೆ ಮಾಡಿ ಬೇರೆ ಕಡೆಯದನ್ನು ಬೆರೆಸುತ್ತಾರೆ. ಹೊರಗಿನ ಬಾಗಿಲು ಕೀನ್ಯಾ. ಜಗತ್ತಿಗೆ ಅತಿ ಹೆಚ್ಚು ಚಹಾ ರಫ್ತು ಮಾಡುವ ದೇಶಗಳ ಸಾಲಿನಲ್ಲಿ ಅದು ಮುಂದಿದೆ, ಬೆಳೆಯುವುದೂ ನಮ್ಮಂತೆಯೇ ಸಿಟಿಸಿ ಕಾಳು ಚಹಾ. ಅಸ್ಸಾಂ ಒಣಗಿದ ವರ್ಷ ಕೀನ್ಯಾದಲ್ಲಿ ಒಳ್ಳೆಯ ಮಳೆಯಾದರೆ ನಮ್ಮ ಬೆಲೆಗೆ ಮೇಲಿನಿಂದ ಮುಚ್ಚಳ ಬಿತ್ತು. 2024ರಲ್ಲಿ ಭಾರತಕ್ಕೆ ಚಹಾ ಆಮದು ಜೋರಾಗಿ ಏರಿದ್ದು ಇದೇ ದಾರಿಯಲ್ಲಿ. ರಾಗಿ, ಜೋಳದಂತೆ ಬೆಳೆ ಹೋದ ಊರಿನಲ್ಲೇ ಬೆಲೆ ನಿಲ್ಲುವ ಪದಾರ್ಥ ಇದಲ್ಲ.

ಅದೇ ವರ್ಷ ಚಹಾ ಮಂಡಳಿ ಇನ್ನೊಂದು ಕೆಲಸ ಮಾಡಿತು. ಉತ್ತರ ಭಾರತದ ತೋಟಗಳಲ್ಲಿ ನವೆಂಬರ್ 30ಕ್ಕೇ ಎಲೆ ಕೀಳುವುದನ್ನು ನಿಲ್ಲಿಸಬೇಕೆಂದು ಆದೇಶ ಹೊರಡಿಸಿತು. ಚಳಿಗಾಲದ ಕಳಪೆ ಎಲೆ ಮಾರುಕಟ್ಟೆಗೆ ಬಂದು ಬೆಲೆ ಕೆಡಿಸಬಾರದು ಎಂಬುದು ಉದ್ದೇಶ. ಉದ್ದೇಶ ತಪ್ಪೆನ್ನಲಾರೆ. ಆದರೆ ವಸಂತದ ಮಳೆ ತಡವಾಗಿ, ಚಿಗುರು ಹಿಂದೆ ಬಿದ್ದು, ಬೆಚ್ಚನೆಯ ಡಿಸೆಂಬರಿನಲ್ಲಿ ಇನ್ನೂ ಎಲೆ ಬರುತ್ತಿರುವಾಗ ಈ ದಿನಾಂಕ ಬೆಳೆಗಾರನಿಗೆ ಎರಡೂ ಕಡೆಯಿಂದ ಕತ್ತರಿ ಹಾಕಿತು. ಮೇ ತಿಂಗಳ ಎಲೆಯನ್ನು ಬಿಸಿಲು ತೆಗೆದುಕೊಂಡಿತು, ಡಿಸೆಂಬರಿನದನ್ನು ಆದೇಶ. ದೊಡ್ಡ ತೋಟಗಳು ಹೇಗೋ ತಡೆದುಕೊಂಡವು, ಡಿಸೆಂಬರಿನ ಎಲೆ ಮಾರಿ ಚಳಿಗಾಲದ ಖರ್ಚು ತೂಗಿಸುತ್ತಿದ್ದ ಸಣ್ಣ ಬೆಳೆಗಾರರು ಜೋರಾಗಿಯೇ ದೂರಿದರು.

ಒಂದೆರಡು ಎಕರೆಯವರ ಪಾಡು

ಚಹಾ ಎಂದೊಡನೆ ಕಣ್ಣಿಗೆ ಬರುವುದು ಬಂಗಲೆ, ಸಾಹೇಬ, ಗುಡ್ಡದುದ್ದಕ್ಕೂ ಹಾಸಿದ ಹಸಿರು. ಆದರೆ ಇವತ್ತು ಭಾರತದ ಚಹಾದಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದು ಸಣ್ಣ ಬೆಳೆಗಾರರಿಂದ. ಅಸ್ಸಾಂ, ಉತ್ತರ ಬಂಗಾಳದಲ್ಲಿ ಭತ್ತದ ಗದ್ದೆಯ ಪಕ್ಕದ ಏರುನೆಲದಲ್ಲಿ, ಮನೆ ಹಿತ್ತಿಲಿನಲ್ಲಿ, ಒಂದೆರಡು ಎಕರೆಯಲ್ಲಿ ಚಹಾ ಇಟ್ಟವರು. ಇವರಿಗೆ ಫ್ಯಾಕ್ಟರಿ ಇಲ್ಲ. ಎಲೆ ಕೊಂಡು ಪುಡಿ ಮಾಡುವ ಫ್ಯಾಕ್ಟರಿಗೆ ನೇರವಾಗಿಯೋ ಏಜೆಂಟರ ಮೂಲಕವೋ ಕೊಡಬೇಕು.

ಕಾಫಿ ಬೆಳೆಗಾರ ಬೆಲೆ ಸರಿಯಿಲ್ಲವೆಂದು ಚೆರ್ರಿ ಒಣಗಿಸಿ ಮೂಟೆ ಕಟ್ಟಿ ಆರು ತಿಂಗಳು ಇಡಬಲ್ಲ. ಚಹಾ ಬೆಳೆಗಾರ ಬೆಳಿಗ್ಗೆ ಕಿತ್ತ ಎಲೆಯನ್ನು ಸಂಜೆಯೊಳಗೆ ಮಾರಲೇಬೇಕು, ಇಲ್ಲವಾದರೆ ಅದು ಮೂಟೆಯಲ್ಲೇ ಬಿಸಿಯಾಗಿ ಕೆಂಪಾಗುತ್ತದೆ. ಚೌಕಾಸಿಗೆ ಸಮಯವೇ ಇಲ್ಲ. ಮಳೆಗಾಲದಲ್ಲಿ ಎಲ್ಲರ ಎಲೆಯೂ ಒಟ್ಟಿಗೆ ಬಂದಾಗ ಫ್ಯಾಕ್ಟರಿಯವರು ಹೇಳಿದ್ದೇ ದರ. ಹರಾಜಿನ ಸರಾಸರಿ ಬೆಲೆಯಲ್ಲಿ ಬೆಳೆಗಾರನಿಗೆ ಇಂತಿಷ್ಟು ಪಾಲು ಸಿಗಬೇಕೆಂಬ ಸೂತ್ರ ಕಾನೂನಿನಲ್ಲಿದೆ. ಆದರೆ ಆ ಸೂತ್ರಕ್ಕೆ ಬೇಕಾದ ಜಿಲ್ಲೆಯ ಸರಾಸರಿ ಲೆಕ್ಕವಾಗಿ ಪ್ರಕಟವಾಗುವುದು ಎಲೆ ಮಾರಿ ಆದ ಮೇಲೆ.

ಹವಾಮಾನ ಈ ಸರಪಳಿಯನ್ನು ಇನ್ನಷ್ಟು ಬಿಗಿಯುತ್ತದೆ. ಬಿಸಿಲಿಗೆ ಕೀಟ ಹೆಚ್ಚಿ ಸಿಂಪಡಣೆ ಹೆಚ್ಚಾಯಿತು. ಇತ್ತ ಆಹಾರ ಸುರಕ್ಷತಾ ಪ್ರಾಧಿಕಾರದ ಶೇಷ ಮಿತಿಯ ನಿಯಮ ಬಿಗಿಯಾಯಿತು. ಪುಡಿಯಲ್ಲಿ ಶೇಷ ಸಿಕ್ಕರೆ ಹೊಣೆ ಫ್ಯಾಕ್ಟರಿಯದು. ಹಾಗಾಗಿ 2024ರ ಬೇಸಿಗೆಯಲ್ಲಿ ಅಸ್ಸಾಮಿನ ಎಲೆ ಕೊಳ್ಳುವ ಫ್ಯಾಕ್ಟರಿಗಳು, ನಿಯಮಕ್ಕೆ ಹೊಂದದ ಎಲೆಯನ್ನು ಜೂನ್ 1ರಿಂದ ಕೊಳ್ಳುವುದಿಲ್ಲವೆಂದು ಘೋಷಿಸಿದವು. ಬಿಸಿಲಿಗೆ ಅರ್ಧ ಎಲೆ ಕಳೆದುಕೊಂಡವನಿಗೆ ಉಳಿದರ್ಧ ಮಾರಲಾಗದೆ ಹೋಗುವ ಭಯ. ನಿಯಮ ಸರಿಯಾದದ್ದೇ, ಕುಡಿಯುವವರು ನಾವು. ಆದರೆ ಎರಡು ಎಕರೆಯವನಿಗೆ ಯಾವ ಕೀಟಕ್ಕೆ ಯಾವ ಔಷಧಿ, ಎಷ್ಟು ದಿನ ಬಿಟ್ಟು ಕೀಳಬೇಕು ಎಂದು ಹೇಳುವವರು ಔಷಧಿ ಅಂಗಡಿಯವರೇ ಆಗಿರುವಾಗ ಹೊಣೆಯನ್ನೆಲ್ಲ ಅವನ ಮೇಲೆ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ.

ನೀಲಗಿರಿಯ ಕಥೆ ಬೇರೆಯಾದರೂ ಕೊನೆ ಒಂದೇ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರಲ್ಲಿ ಸಾವಿರಾರು ಕುಟುಂಬಗಳು ಸಣ್ಣ ಚಹಾ ಬೆಳೆಗಾರರು. ಅಲ್ಲಿ ವರ್ಷವಿಡೀ ಎಲೆ ಬರುವುದರಿಂದ ಒಂದು ಚಿಗುರು ಹೋದರೆ ಅಸ್ಸಾಮಿನಷ್ಟು ಪೆಟ್ಟಿಲ್ಲ. ಅಲ್ಲಿನ ಶತ್ರು ಚಳಿಗಾಲದ ಹಿಮ. ಒಂದೇ ರಾತ್ರಿಯ ಹಿಮಕ್ಕೆ ತಗ್ಗಿನ ತೋಟಗಳ ಎಲೆ ಸುಟ್ಟಂತೆ ಕಂದುತ್ತದೆ, ಮತ್ತೆ ಚಿಗುರಲು ವಾರಗಳು ಬೇಕು. ಇಳುವರಿಯ ಪೆಟ್ಟಿಗಿಂತ ಅವರನ್ನು ಕಾಡಿದ್ದು ಬೆಲೆ. 2023ರ ಸೆಪ್ಟೆಂಬರಿನಲ್ಲಿ ಹಸಿ ಎಲೆಗೆ ಕಿಲೋಗೆ ಕನಿಷ್ಠ 33.50 ರೂಪಾಯಿ ಬೇಕೆಂದು ಬಡಗ ಬೆಳೆಗಾರರು ಉಪವಾಸ ಕೂತರು. ಆಗ ಅವರಿಗೆ ಸಿಗುತ್ತಿದ್ದುದು ಅದರ ಅರ್ಧದ ಆಸುಪಾಸು.

ಇಲ್ಲೊಂದು ಪುಟ್ಟ ಗುಣಾಕಾರ. ಒಂದು ಲೋಟ ಚಹಾಕ್ಕೆ ಎರಡೂವರೆ ಗ್ರಾಂ ಪುಡಿ ಎಂದುಕೊಳ್ಳಿ. ಪುಡಿಗೆ ಕಿಲೋಗೆ 300 ರೂಪಾಯಿ ಕೊಟ್ಟರೂ ಲೋಟಕ್ಕೆ 75 ಪೈಸೆ. ಆ ಎರಡೂವರೆ ಗ್ರಾಂಗೆ ಬೇಕಾದ ಹಸಿ ಎಲೆ ಹನ್ನೊಂದು ಗ್ರಾಂ ಚಿಲ್ಲರೆ, ಕಿಲೋಗೆ 20 ರೂಪಾಯಿಯಂತೆ ಇಪ್ಪತ್ಮೂರು ಪೈಸೆಯೊಳಗೆ. ಹೋಟೆಲಿನವರು ‘ಟೀ ಪುಡಿ ದುಬಾರಿಯಾಗಿದೆ’ ಎಂದು ಲೋಟಕ್ಕೆ ಎರಡು ರೂಪಾಯಿ ಏರಿಸಿದರೆ ನಂಬಬೇಡಿ. ಏರಿದ್ದು ಹಾಲು, ಗ್ಯಾಸ್, ಬಾಡಿಗೆ.

ಡಾರ್ಜಿಲಿಂಗ್, ಮತ್ತು ಗುಣದ ಬೆಲೆ

ತಿಂಗಳ ಲೆಕ್ಕ ಎಷ್ಟು ಮುಖ್ಯ ಎಂಬುದು ತೀರ ಎದ್ದು ಕಾಣುವುದು ಡಾರ್ಜಿಲಿಂಗ್‌ನಲ್ಲಿ. ಎಂಬತ್ತೇಳು ತೋಟಗಳು, 2004ರಲ್ಲಿ ಭಾರತದ ಮೊದಲ ಭೌಗೋಳಿಕ ಗುರುತು ಪಡೆದ ಚಹಾ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಮೊದಲ ಚಿಗುರು ಅವರ ಬೆಳೆಯಲ್ಲಿ ಐದನೇ ಒಂದು ಪಾಲಿನಷ್ಟು, ವರಮಾನದಲ್ಲಿ ಮೂರನೇ ಒಂದಕ್ಕೂ ಹೆಚ್ಚು. ಅದನ್ನು ಜರ್ಮನಿ, ಜಪಾನಿನವರು ಕೊಳ್ಳುತ್ತಾರೆ. ಚಳಿಗಾಲದಲ್ಲಿ ಮಳೆಯೇ ಇಲ್ಲದ ವರ್ಷಗಳು ಹೆಚ್ಚಿದಂತೆ ಹೊಡೆತ ನೇರವಾಗಿ ಆ ಐದನೇ ಒಂದರ ಮೇಲೆ. 1990ರ ದಶಕದಲ್ಲಿ ವರ್ಷಕ್ಕೆ ಒಂದು ಕೋಟಿ ಕಿಲೋ ಆಗುತ್ತಿದ್ದ ಉತ್ಪಾದನೆ 2024ರಲ್ಲಿ 60 ಲಕ್ಷಕ್ಕಿಂತ ಕೆಳಗಿತ್ತು.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಅಲ್ಲಿನ ಗಿಡಗಳಲ್ಲಿ ಅನೇಕವು ನೂರು ವರ್ಷ ದಾಟಿವೆ. ಯುವಕರು ತೋಟ ಬಿಟ್ಟು ಊರು ಸೇರುತ್ತಿದ್ದಾರೆ. 2017ರಲ್ಲಿ ಗೂರ್ಖಾಲ್ಯಾಂಡ್ ಚಳವಳಿಯಲ್ಲಿ ನೂರು ದಿನ ಮೀರಿ ತೋಟಗಳು ಮುಚ್ಚಿದಾಗ ಕೈಬಿಟ್ಟ ವಿದೇಶಿ ಗಿರಾಕಿಗಳಲ್ಲಿ ಅನೇಕರು ನೇಪಾಳದ ಚಹಾ ಹಿಡಿದರು. 2025ರ ಅಕ್ಟೋಬರ್ 4 ಮತ್ತು 5ರ ನಡುವೆ ಸುರಿದ ಮಳೆಗೆ ಮಿರಿಕ್ ಸುತ್ತಲಿನ ಗುಡ್ಡಗಳು ಜರಿದು ಪ್ರಾಣಹಾನಿಯಾಯಿತು, ತೋಟಗಳೂ ಕೊಚ್ಚಿಹೋದವು. ಹವಾಮಾನ ಇಲ್ಲಿ ಮಾಡುತ್ತಿರುವುದು ಮೊದಲೇ ಸೋತ ದೇಹಕ್ಕೆ ಜ್ವರ ತಂದಂಥ ಕೆಲಸ.

ಮಳೆಗೂ ರುಚಿಗೂ ಇರುವ ನಂಟಿಗೆ ಚೀನಾದ ಯುನ್ನಾನ್‌ನಲ್ಲಿ ಮಾಡಿದ, 2014ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಸಾಕ್ಷಿ. ಬರದ ನಂತರ ಮುಂಗಾರು ಹಿಡಿದಾಗ ಎಲೆಯ ಬೆಳವಣಿಗೆ ಶೇ 50ರವರೆಗೆ ಹೆಚ್ಚಿತು, ರುಚಿ ಮತ್ತು ಗುಣಕ್ಕೆ ಕಾರಣವಾದ ಕೆಲವು ಮುಖ್ಯ ಅಂಶಗಳು ಶೇ 50ರವರೆಗೆ ಕುಸಿದವು. ಎಲೆ ಹೆಚ್ಚಾಯಿತು, ಸಾರ ನೀರಾಯಿತು. ಮಳೆಗಾಲ ಹಿಗ್ಗಿ ವಸಂತ ಕುಗ್ಗಿದರೆ ಟನ್ ಲೆಕ್ಕ ಸರಿಯಾಗಿಯೇ ಇದ್ದು, ಹರಾಜುಕಟ್ಟೆಯಲ್ಲಿ ಬೆಲೆ ಬೀಳುತ್ತಾ ಹೋಗುವುದು ಹೀಗೆ.

ಉಪಾಯಗಳಿಗೂ ಬೆಲೆ ಇದೆ

ಏನು ಮಾಡಬೇಕೆಂದು ತೋಟದವರಿಗೆ ಗೊತ್ತಿಲ್ಲದೆ ಇಲ್ಲ. ನೆರಳು ಮರ ಹೆಚ್ಚಿಸಬೇಕು. ನಮ್ಮ ಕಡೆ ಸಿಲ್ವರ್ ಮರ ಇದ್ದಂತೆ ಅಲ್ಲಿ ಶಿರೀಷದ ಜಾತಿಯ ಮರಗಳನ್ನು ನೆಡುತ್ತಾರೆ. ಎಲೆಯ ಮಟ್ಟದಲ್ಲಿ ತಾಪ ಕೆಲವು ಡಿಗ್ರಿ ಇಳಿಯುತ್ತದೆ, ಹಾಗಾಗಿ ನನ್ನ ಅಂದಾಜಿನಲ್ಲಿ ಖರ್ಚಿಗೆ ಹೋಲಿಸಿದರೆ ಇದೇ ಅತ್ಯುತ್ತಮ ಉಪಾಯ. ಆದರೆ ಮರ ಬೆಳೆಯಬೇಕು, ಅದಕ್ಕೆ ವರ್ಷಗಳು ಬೇಕು. ಮಳೆಗಾಲದ ನೀರನ್ನು ಕೆರೆ, ಹೊಂಡದಲ್ಲಿ ಹಿಡಿದಿಟ್ಟು ಮಾರ್ಚ್‌ಗೆ ಕೊಡುವುದು ಇನ್ನೊಂದು. ದೊಡ್ಡ ತೋಟ ಅದಕ್ಕೆ ಸಾಲ ಎತ್ತಬಹುದು. ಎರಡು ಎಕರೆಯವನಿಗೆ ಹೊಂಡ ತೋಡಲು ನೆಲವೆಲ್ಲಿ? ಭತ್ತಕ್ಕಿರುವಂತೆ ಬೆಳೆವಿಮೆಯೂ ಚಹಾದಲ್ಲಿ ವಾಡಿಕೆಯಾಗಿಲ್ಲ.

ಗಟ್ಟಿ ಪರಿಹಾರವೆಂದರೆ ಹಳೆಯ ಗಿಡ ಕಿತ್ತು ಬರ ತಡೆಯುವ ತಳಿ, ಬೀಜದಿಂದ ಬೆಳೆದ ಆಳಬೇರಿನ ಸಸಿ ನೆಡುವುದು. ಚಹಾ ಗಿಡಕ್ಕೆ ಲಾಭದ ಆಯಸ್ಸು ನಲವತ್ತು ಐವತ್ತು ವರ್ಷ. ಕಿತ್ತ ಮೇಲೆ ಮಣ್ಣಿಗೆ ವಿಶ್ರಾಂತಿ ಕೊಟ್ಟು ನೆಟ್ಟರೆ ಪೂರ್ತಿ ಇಳುವರಿಗೆ ಐದಾರು ವರ್ಷ. ಅಷ್ಟು ಕಾಲ ಆ ನೆಲದಿಂದ ದುಡ್ಡಿಲ್ಲ, ಸಾಲದ ಬಡ್ಡಿ ಮಾತ್ರ. ಇವತ್ತು ನೆಡುವ ಸಸಿ 2070ರ ಬಿಸಿಲಿಗೂ ನಿಲ್ಲಬೇಕು. ಸತತ ನಷ್ಟದಲ್ಲಿರುವ ತೋಟ ಮೊದಲು ಕೈಬಿಡುವ ಖರ್ಚೇ ಇದು. ಹಾಗಾಗಿ ಬಿಸಿಲಿನ ವರ್ಷಗಳು ಹೆಚ್ಚಿದಷ್ಟೂ ಮರುನಾಟಿ ಕಡಿಮೆಯಾಗಿ, ಮರುನಾಟಿ ಕಡಿಮೆಯಾದಷ್ಟೂ ಮುಂದಿನ ಬಿಸಿಲಿಗೆ ತೋಟ ಇನ್ನಷ್ಟು ಬಡವಾಗುತ್ತದೆ.

ಇನ್ನೊಂದು ದಾರಿ ಎತ್ತರಕ್ಕೆ ಹೋಗುವುದು. ಅಸ್ಸಾಮಿನ ತೋಟಗಳು ಬಹುಪಾಲು ಬಯಲಿನಲ್ಲಿ, ಸಮುದ್ರಮಟ್ಟಕ್ಕಿಂತ ನೂರಿನ್ನೂರು ಮೀಟರ್ ಎತ್ತರದಲ್ಲಷ್ಟೇ ಇವೆ. ತೋಟದೊಳಗೇ ಹತ್ತಲು ಗುಡ್ಡವಿಲ್ಲ. ಪಕ್ಕದ ಅರುಣಾಚಲದ ತಪ್ಪಲಿನಲ್ಲಿ ಈ ಕೆಲವು ದಶಕಗಳಲ್ಲಿ ಹೊಸ ಚಹಾ ತೋಟಗಳು ಎದ್ದಿವೆ. ನಮ್ಮ ಚಿಕ್ಕಮಗಳೂರು, ಕೊಡಗು, ಹಾಸನದ ಚಹಾ ದೇಶದ ಉತ್ಪಾದನೆಯಲ್ಲಿ ಅರ್ಧ ಶೇಕಡದಷ್ಟೂ ಇಲ್ಲ, ಇಲ್ಲಿನ ಎತ್ತರದ ನೆಲವನ್ನು ಕಾಫಿ ಬಿಟ್ಟುಕೊಡುವುದೂ ಇಲ್ಲ. ಅಸ್ಸಾಮಿನಲ್ಲಿ ಲೈನ್ ಮನೆಗಳಲ್ಲಿ ನಾಲ್ಕೈದು ತಲೆಮಾರಿನಿಂದ ಇರುವ ಲಕ್ಷಾಂತರ ಕಾರ್ಮಿಕರು ತೋಟದ ಜೊತೆ ಗುಡ್ಡ ಹತ್ತಲಾರರು. ಅವರ ಮನೆ, ರೇಷನ್ನು, ಆಸ್ಪತ್ರೆ, ಎಲ್ಲವೂ ಆ ಬಯಲಿನ ತೋಟ ನಡೆಯುವುದರ ಮೇಲೆ ನಿಂತಿವೆ.